ತಪ್ಪು ನಡೆಗೆ ಆ್ಯಪ್ ಏನನ್ನುತ್ತದೆ?

ಹಸಿರು ಗೂಬೆಯ ಗುರುತಿನ ಡುವೊಲಿಂಗೊ ಆ್ಯಪ್ ಗೊತ್ತಲ್ಲ, ಸ್ಪ್ಯಾನಿಷ್, ಫ್ರೆಂಚ್ ಕಲಿಸುವುದು? ಅದು 2025ರಲ್ಲಿ ಚೆಸ್ ಕಲಿಸುವುದಕ್ಕೂ ಇಳಿಯಿತು. ಗಣಿತ, ಸಂಗೀತದ ಪಾಠಗಳ ಪಕ್ಕದಲ್ಲಿ ಈಗ ಅರವತ್ತನಾಲ್ಕು ಮನೆಯ ಮಣೆಯೂ ಇದೆ. ಅಲ್ಲಿ ಪಾಠ ಹೇಳುವವನು ಆಸ್ಕರ್ ಎಂಬ ಕಾರ್ಟೂನ್ ಮೇಷ್ಟ್ರು. ಮೊದಲು ಯಾವ ಕಾಯಿ ಹೇಗೆ ನಡೆಯುತ್ತದೆ ಎಂಬ ಪಾಠ, ಆಮೇಲೆ ಪುಟ್ಟ ಪುಟ್ಟ ಒಗಟು, ಅದಾದ ಮೇಲೆ ಆಸ್ಕರ್ ಜತೆಗೇ ಕಿರುಪಂದ್ಯ. ಈ ಪಾಠಕ್ರಮಕ್ಕೆ ಮೊದಲ ರೂಪ ಕೊಟ್ಟವರು ಕಂಪನಿಯ ಇಬ್ಬರು ನೌಕರರು. ಅವರಿಗೆ ಆಗ ಪ್ರೋಗ್ರಾಮಿಂಗೂ ಬರುತ್ತಿರಲಿಲ್ಲ, ಚೆಸ್ಸೂ ಬರುತ್ತಿರಲಿಲ್ಲ, ಎಐ ನೆರವಿನಿಂದಲೇ ಕಟ್ಟಿ ನಿಲ್ಲಿಸಿದರು ಎಂದು ಕಂಪನಿಯ ಮುಖ್ಯಸ್ಥರೇ ಹೇಳಿಕೊಂಡಿದ್ದಾರೆ. ಆಟ ಬರದವರು ಆಟ ಕಲಿಸುವುದೇ ಎಂದು ಚೆಸ್ ವಲಯದಲ್ಲಿ ಕೆಲವರು ಹುಬ್ಬೇರಿಸಬಹುದು. ನನಗೇನೋ ಅದು ಅಂಥ ಅಪರಾಧವಾಗಿ ಕಾಣುವುದಿಲ್ಲ. ಹೊಸಬರು ಮೊದಲ ವಾರದಲ್ಲಿ ಎಲ್ಲಿ ಎಡವುತ್ತಾರೆ ಎಂಬುದು ಗ್ರ್ಯಾಂಡ್‌ಮಾಸ್ಟರ್‌ಗೆ ಮರೆತೇ ಹೋಗಿರುತ್ತದೆ. ನಿನ್ನೆ ಮೊನ್ನೆ ಕಲಿತವರಿಗೆ ಅದು ನೆನಪಿರುತ್ತದೆ.

ಡುವೊಲಿಂಗೊ ಒಂದೇ ಅಲ್ಲ. ಮೂರು ತಿಂಗಳಿಗೊಂದರಂತೆ ಹೊಸ ಚೆಸ್ ಆ್ಯಪ್ ಜಾಹೀರಾತು ಫೋನಿನಲ್ಲಿ ಹೊಳೆಯುತ್ತದೆ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತಂದೆತಾಯಂದಿರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ: ಮಗುವನ್ನು ಕ್ಲಾಸಿಗೆ ಹಾಕುವುದೋ, ಆ್ಯಪ್ ಸಾಕೋ? ದುಡ್ಡು ಕೊಡಬೇಕೋ, ಪುಕ್ಕಟೆಯದ್ದೇ ಆದೀತೋ? ಯಾವುದರಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳು ಪಾಠ ಮಾಡುತ್ತಾರೆ? ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇವುಗಳಿಗಿಂತ ಮೊದಲು ಕೇಳಬೇಕಾದದ್ದು ಒಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ಮಗು ತಪ್ಪು ನಡೆ ಆಡಿದಾಗ ಆ ಆ್ಯಪ್ ಏನು ಮಾಡುತ್ತದೆ? ಕಲಿಕೆ ನಡೆಯುವುದು ಆ ಒಂದು ಕ್ಷಣದಲ್ಲಿ. ಉಳಿದದ್ದೆಲ್ಲ ಬಣ್ಣ, ಸದ್ದು, ಚಪ್ಪಾಳೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಇಂದು ಜಗತ್ತಿನ ಅತಿ ದೊಡ್ಡ ಚೆಸ್ ತಾಣವಾದ ಚೆಸ್‌ಡಾಟ್‌ಕಾಮ್ ಶುರುವಾದದ್ದು 2007ರಲ್ಲಿ. ಫ್ರಾನ್ಸಿನ ಪ್ರೋಗ್ರಾಮರ್ ತಿಬೊ ಡ್ಯುಪ್ಲೆಸಿ 2010ರಲ್ಲಿ ಲಿಚೆಸ್ ಹುಟ್ಟುಹಾಕಿದರು. ಅದರಲ್ಲಿ ಜಾಹೀರಾತಿಲ್ಲ, ಶುಲ್ಕವಿಲ್ಲ. ದೇಣಿಗೆಯಿಂದ ನಡೆಯುವ ಲಾಭರಹಿತ ಸಂಸ್ಥೆ ಅದು, ಅದರ ಸಾಫ್ಟ್‌ವೇರನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಮುಂದೆ ಆಟದ ಆರಂಭದ ನಡೆಗಳನ್ನು, ಅಂದರೆ ಓಪನಿಂಗ್‌ಗಳನ್ನು ಬಾಯಿಪಾಠ ಮಾಡಿಸುವ ಚೆಸ್ಸಬಲ್ ಬಂತು, ಆಗಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಹೆಸರಿನ ಕಂಪನಿ 2019ರಲ್ಲಿ ಅದನ್ನು ಕೊಂಡಿತು, 2022ರಲ್ಲಿ ಆ ಕಂಪನಿಯನ್ನೇ ಚೆಸ್‌ಡಾಟ್‌ಕಾಮ್ ನುಂಗಿತು. ಈ ನಡುವೆ ಕೋವಿಡ್ ಲಾಕ್‌ಡೌನ್. 2020ರ ಅಕ್ಟೋಬರಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ದಿ ಕ್ವೀನ್ಸ್ ಗ್ಯಾಂಬಿಟ್’ ಬಂದದ್ದೇ ತಡ, ಮನೆಯಲ್ಲಿ ಕೂತವರೆಲ್ಲ ಚೆಸ್ ಮಣೆ ಹುಡುಕಿದರು. 2022ರ ಕೊನೆಗೆ ಚೆಸ್‌ಡಾಟ್‌ಕಾಮ್ ಸದಸ್ಯರ ಸಂಖ್ಯೆ ಹತ್ತು ಕೋಟಿ ಮುಟ್ಟಿತು. ಮರು ತಿಂಗಳೇ ಬಂದ ಜನಜಾತ್ರೆಯನ್ನು ತಾಳಲಾರದೆ ಅದರ ಸರ್ವರ್‌ಗಳು ಪದೇಪದೇ ಏದುಸಿರು ಬಿಟ್ಟವು. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಹದಿನೆಂಟರ ದೊಮ್ಮರಾಜು ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲಂತೂ ನಮ್ಮ ದೇಶದಲ್ಲಿ ಚೆಸ್ ಕಲಿಸುವುದು ಒಳ್ಳೆಯ ವ್ಯಾಪಾರವೇ ಆಯಿತು.

ಈಗ ತಪ್ಪು ನಡೆಯ ಮಾತಿಗೆ ಬರೋಣ. ಒಂದು ಉದಾಹರಣೆಯನ್ನು ಬಿಡಿಸಿ ನೋಡಿದರೆ ಸರಿ.

ಆಟ ಕಲಿತ ಹೊಸದರಲ್ಲಿ ಹೆಚ್ಚಿನ ಮಕ್ಕಳೆಲ್ಲ ಒಮ್ಮೆಯಾದರೂ ನಾಲ್ಕೇ ನಡೆಗೆ ಸೋತಿರುತ್ತವೆ. ಬಿಳಿ ತನ್ನ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುತ್ತದೆ, ಕಪ್ಪೂ ಹಾಗೆಯೇ. ಬಿಳಿಯ ಒಂಟೆ ಓರೆಯಲ್ಲಿ ಓಡಿ ಸಿ4 ಮನೆಗೆ ಬರುತ್ತದೆ, ಕಪ್ಪು ಒಂದು ಕುದುರೆಯನ್ನು ಸಿ6ಕ್ಕೆ ತರುತ್ತದೆ. ಮೂರನೇ ನಡೆಗೆ ಬಿಳಿಯ ಮಂತ್ರಿ ಎಚ್5ಕ್ಕೆ ನುಗ್ಗುತ್ತದೆ. ಕಪ್ಪು ಆಡುತ್ತಿರುವ ಮಗುವಿನ ಕಣ್ಣಿಗೆ ಬೀಳುವುದು ಒಂದೇ ಸಂಗತಿ: ಮಂತ್ರಿ ಹೊರಗೆ ಬಂದಿದೆ, ಅದನ್ನು ಓಡಿಸಬೇಕು! ಉತ್ಸಾಹದಿಂದ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ಹಾರಿಸಿ ಮಂತ್ರಿಯ ಮೇಲೆ ಬೀಳುತ್ತದೆ. ಮುಗಿಯಿತು. ಮಂತ್ರಿ ಎಫ್7ರಲ್ಲಿದ್ದ ಕಾಲಾಳನ್ನು ಕಡಿದು ರಾಜನ ಮಗ್ಗುಲಲ್ಲೇ ಕೂರುತ್ತದೆ. ರಾಜ ಅದನ್ನು ಕಡಿಯುವಂತಿಲ್ಲ, ದೂರದ ಸಿ4ರಿಂದ ಒಂಟೆ ಆ ಮನೆಯನ್ನು ಕಾಯುತ್ತಿದೆ. ತಪ್ಪಿಸಿಕೊಳ್ಳಲು ಜಾಗವೂ ಇಲ್ಲ. ಚೆಕ್‌ಮೇಟ್.

ಕುದುರೆ ಎಫ್6ಕ್ಕೆ ಹಾರಿದ ಆ ಗಳಿಗೆಯಲ್ಲಿ ಒಂದು ಬಗೆಯ ಆ್ಯಪ್ ಕೆಂಪು ಬಣ್ಣದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ ತೋರಿಸುತ್ತದೆ, ಹಸಿರು ಬಾಣ ಎಳೆದು ‘ಜಿ6 ಸರಿಯಾದ ನಡೆ’ ಎನ್ನುತ್ತದೆ. ಮಗು ‘ಓಹೋ’ ಎಂದು ಮುಂದಕ್ಕೆ ಒತ್ತುತ್ತದೆ. ಜಿ6 ಯಾಕೆ ಸರಿ ಎಂದು ನಾಳೆ ಕೇಳಿ, ಗೊತ್ತಿರುವುದಿಲ್ಲ. ಎರಡನೇ ಬಗೆಯ ಆ್ಯಪ್ ನಡೆಯನ್ನು ಹಿಂದಕ್ಕೆ ತಂದು ‘ಮತ್ತೊಮ್ಮೆ ಪ್ರಯತ್ನಿಸು’ ಎನ್ನುತ್ತದೆ. ಇದು ಮೇಲುನೋಟಕ್ಕೆ ಚೆನ್ನ. ಆದರೆ ಮಕ್ಕಳು ಜಾಣರು. ಹಸಿರು ದೀಪ ಹತ್ತುವ ತನಕ ಒಂದೊಂದೇ ಕಾಯಿ ಸರಿಸಿ ನೋಡುತ್ತಾರೆ. ಐದನೇ ಸಲಕ್ಕೆ ಸರಿಹೋಗುತ್ತದೆ, ಚಪ್ಪಾಳೆ ಸದ್ದೂ ಬರುತ್ತದೆ. ಕಲಿತದ್ದು ಬೆರಳು, ತಲೆಯಲ್ಲ.

ಮೂರನೇ ಬಗೆಯದು ಅಪರೂಪ. ಅದು ನಡೆಯನ್ನು ಅಲ್ಲಿಗೇ ನಿಲ್ಲಿಸಿ ಕೇಳುತ್ತದೆ: ‘ಮಂತ್ರಿ ಎಚ್5ಕ್ಕೆ ಬಂದದ್ದು ಯಾತಕ್ಕೆ? ಎದುರಾಳಿಯ ಎರಡು ಕಾಯಿಗಳ ಕಣ್ಣು ಬಿದ್ದಿರುವ ಮನೆ ಯಾವುದು, ಮುಟ್ಟಿ ತೋರಿಸು.’ ಮಗು ಎಫ್7 ಅನ್ನು ಮುಟ್ಟಿದ ಮೇಲೆಯೇ ನಡೆ ಆಡಲು ಬಿಡುತ್ತದೆ. ಮರುದಿನ ಅದೇ ಉಪಾಯವನ್ನು ಬಣ್ಣ ಅದಲುಬದಲು ಮಾಡಿ ಮತ್ತೆ ಮುಂದಿಡುತ್ತದೆ. ‘ಎದುರಿನವರು ಈಗ ಆಡಿದ ನಡೆಯ ಉದ್ದೇಶವೇನು?’ ಎಂದು ಪ್ರತಿ ಬಾರಿಯೂ ಕೇಳಿಕೊಳ್ಳುವ ಅಭ್ಯಾಸವೇ ಆರಂಭದ ಚೆಸ್ಸಿನ ಮುಕ್ಕಾಲು ಪಾಲು. ಒಳ್ಳೆಯ ಮೇಷ್ಟ್ರುಗಳು ಮಾಡುವುದೂ ಇಷ್ಟನ್ನೇ. ಅವರು ಉತ್ತರ ಹೇಳಲು ಆತುರಪಡುವುದಿಲ್ಲ.

ಯಂತ್ರಕ್ಕೆ ಉತ್ತರ ಹೇಳುವ ಆತುರ ಯಾಕೆಂದರೆ ಉತ್ತರ ಅದರ ಬಳಿ ಯಾವಾಗಲೂ ಸಿದ್ಧವಿರುತ್ತದೆ. ಸ್ಟಾಕ್‌ಫಿಶ್ ಎಂಬ ಪುಕ್ಕಟೆ ಚೆಸ್ ಎಂಜಿನ್ ಬಹುಪಾಲು ತಾಣಗಳ ಬೆನ್ನಿಗಿದೆ. ಸಾಧಾರಣ ಮೊಬೈಲ್ ಫೋನಿನಲ್ಲೇ ಅದು ವಿಶ್ವ ಚಾಂಪಿಯನ್‌ಗಿಂತ ಬಲಶಾಲಿ. 1997ರಲ್ಲಿ ಆಗಿನ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್‌ರನ್ನು ಸೋಲಿಸಲು ಐಬಿಎಂ ಆಳೆತ್ತರದ ಎರಡು ಕಪಾಟಿನಷ್ಟು ಯಂತ್ರ ಹೂಡಬೇಕಾಗಿತ್ತು. ಈಗ ಆಟ ಮುಗಿದ ಮರುಕ್ಷಣ ಪ್ರತಿ ನಡೆಗೂ ಅಂಕ ಬೀಳುತ್ತದೆ. ಚೆಸ್‌ಡಾಟ್‌ಕಾಮ್‌ನ ಗೇಮ್ ರಿವ್ಯೂ ‘ಬ್ರಿಲಿಯಂಟ್’ ‘ಮಿಸ್ಟೇಕ್’ ‘ಬ್ಲಂಡರ್’ ಎಂದು ಬಣ್ಣದ ಚೀಟಿ ಅಂಟಿಸುತ್ತದೆ. ತೊಂದರೆ ಏನೆಂದರೆ, ಎಂಜಿನ್‌ಗೆ ಯಾವ ನಡೆ ಒಳ್ಳೆಯದೆಂದು ಗೊತ್ತು. ಅದು ಹತ್ತು ವರ್ಷದ ಹುಡುಗಿಗೆ ಯಾಕೆ ಅರ್ಥವಾಗಲಿಲ್ಲ ಎಂಬುದು ಗೊತ್ತಿಲ್ಲ. ‘ಪ್ಲಸ್ 1.3’ ಎಂಬ ಅಂಕಿಯಿಂದ ಆ ಹುಡುಗಿ ಏನು ಅರ್ಥ ಮಾಡಿಕೊಳ್ಳಬೇಕು?

ಈ ಕೊರತೆ ತುಂಬುತ್ತೇವೆ ಎಂದೇ ಈಚಿನ ಹೊಸ ತಾಣಗಳು ಬರುತ್ತಿವೆ. ಎಂಜಿನ್‌ನ ಲೆಕ್ಕದ ಮೇಲೆ ಮಾತನಾಡುವ ಎಐ ಕೂರಿಸಿ, ‘ನಿನ್ನ ಕುದುರೆ ಮೂಲೆಯಲ್ಲಿ ಸಿಕ್ಕಿಬಿದ್ದಿದೆ ನೋಡು’ ಎಂದು ಹೇಳಿಸುವ ಯತ್ನ ಅದು. ಯೋಚನೆ ಒಳ್ಳೆಯದೇ. ಆದರೆ ಹುಷಾರು. ನಿರರ್ಗಳವಾಗಿ ಮಾತನಾಡುವ ಚಾಟ್‌ಬಾಟ್‌ಗಳು ಚೆಸ್ ಆಡಲು ಕೂತು, ಹೊಡೆದುಹೋದ ಕಾಯಿಯನ್ನು ಮತ್ತೆ ಮಣೆಗೆ ತಂದು, ನಿಯಮದಲ್ಲೇ ಇಲ್ಲದ ನಡೆ ಆಡಿದ ವಿಡಿಯೊಗಳನ್ನು ನೋಡಿ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಾರೆ. ಲೆಕ್ಕ ಹಾಕುವ ಎಂಜಿನ್ ಬೇರೆ, ಮಾತು ಹೊಸೆಯುವ ಎಐ ಬೇರೆ. ಎರಡನ್ನೂ ಬಿಗಿಯಾಗಿ ಜೋಡಿಸದಿದ್ದರೆ ವಿವರಣೆ ಕೇಳಲು ಇಂಪಾಗಿರುತ್ತದೆ, ಮಣೆಯ ಮೇಲೆ ಮಾತ್ರ ಸುಳ್ಳಾಗಿರುತ್ತದೆ. ಹೊಸಬರಿಗೆ ಆ ಸುಳ್ಳು ಗೊತ್ತಾಗುವುದಿಲ್ಲ.

ಹಾಗೆ ನೋಡಿದರೆ ಲಿಚೆಸ್‌ನಲ್ಲಿ ಬಹಳ ಕಾಲದಿಂದ ಇರುವ ಒಂದು ಸೌಲಭ್ಯ ನನಗೆ ಹೆಚ್ಚು ಇಷ್ಟ. ಆಟ ಮುಗಿದು ವಿಶ್ಲೇಷಣೆ ಮಾಡಿಸಿದ ಮೇಲೆ ‘ನಿನ್ನ ತಪ್ಪುಗಳಿಂದ ಕಲಿ’ ಎಂಬ ಗುಂಡಿ ಸಿಗುತ್ತದೆ. ಒತ್ತಿದರೆ ನೀವು ಎಡವಿದ ಸ್ಥಿತಿಯನ್ನೇ ಮತ್ತೆ ಮುಂದಿಟ್ಟು, ಇದಕ್ಕಿಂತ ಒಳ್ಳೆಯ ನಡೆ ಹುಡುಕಿ ಎನ್ನುತ್ತದೆ. ಉತ್ತರ ನೋಡಲೇಬೇಕೆಂದು ಕೇಳಿದರೆ ಮಾತ್ರ ತೋರಿಸುತ್ತದೆ. ಕಾರ್ಟೂನ್ ಇಲ್ಲ, ಚಪ್ಪಾಳೆ ಇಲ್ಲ. ಚೆಸ್‌ಡಾಟ್‌ಕಾಮ್‌ನ ರಿವ್ಯೂನಲ್ಲೂ ಮರಳಿ ಯತ್ನಿಸುವ ಗುಂಡಿಯಿದೆ. ಮಕ್ಕಳು ಅದನ್ನು ದಾಟಿ ‘ನೆಕ್ಸ್ಟ್’ ಒತ್ತುತ್ತಾರೆ, ಅಷ್ಟೇ. ಪಕ್ಕದಲ್ಲಿ ದೊಡ್ಡವರು ಕೂರಬೇಕಾದದ್ದು ಈ ಹತ್ತು ನಿಮಿಷಕ್ಕೆ. ಅದಕ್ಕೆ ಚೆಸ್ ಬರಬೇಕೆಂದೂ ಇಲ್ಲ. ‘ಇಲ್ಲಿ ಯಾಕೆ ಹೀಗೆ ಆಡಿದೆ ಪುಟ್ಟಾ?’ ಎಂದು ಕೇಳಿದರೆ ಸಾಕು.

ಇನ್ನು ನೆನಪಿನ ವಿಚಾರ. ಒಗಟು ಬಿಡಿಸುವುದರಿಂದ ಆಟ ಸುಧಾರಿಸುತ್ತದೆಯೇ ಎಂದು ಕೇಳುವವರಿಗೆ ಉತ್ತರ 1973ರಷ್ಟು ಹಳೆಯದು. ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಒಂದು ಪ್ರಯೋಗ ಮಾಡಿದರು. ಡಚ್ ಮನೋವಿಜ್ಞಾನಿ ಆಡ್ರಿಯಾನ್ ಡಿ ಗ್ರೂಟ್ ಹಾಕಿದ ದಾರಿಯಲ್ಲೇ ನಡೆದ ಪ್ರಯೋಗ ಅದು. ನಿಜವಾದ ಪಂದ್ಯವೊಂದರ ಮಣೆಯನ್ನು ಐದು ಸೆಕೆಂಡ್ ತೋರಿಸಿ ಮುಚ್ಚುವುದು, ನೆನಪಿನಿಂದ ಮತ್ತೆ ಜೋಡಿಸಲು ಹೇಳುವುದು. ಪಳಗಿದ ಆಟಗಾರ ಬಹುಪಾಲು ಕಾಯಿಗಳನ್ನು ಸರಿಯಾದ ಜಾಗದಲ್ಲಿ ಇಟ್ಟ, ಹೊಸಬನಿಗೆ ನಾಲ್ಕಾರು ಮಾತ್ರ ನೆನಪಾದವು. ಆಮೇಲೆ ಅಷ್ಟೇ ಕಾಯಿಗಳನ್ನು ಅಡ್ಡಾದಿಡ್ಡಿ ಚೆಲ್ಲಿ ತೋರಿಸಿದರು. ಈಗ ಪಳಗಿದವನೂ ಹೊಸಬನೂ ಹೆಚ್ಚುಕಡಿಮೆ ಒಂದೇ! ಅಂದರೆ ಪಳಗಿದವನ ನೆನಪಿನ ಶಕ್ತಿಯೇನೂ ಅಸಾಧಾರಣವಲ್ಲ. ನಿಜವಾದ ಆಟದಲ್ಲಿ ಮತ್ತೆ ಮತ್ತೆ ಬರುವ ಜೋಡಣೆಗಳು ಅವನಿಗೆ ಗುರುತು. ಕೋಟೆ ಕಟ್ಟಿ ಕೂತ ರಾಜ, ಅವನ ಮುಂದಿನ ಮೂರು ಕಾಲಾಳು, ಪಕ್ಕದ ಕುದುರೆ ಇವು ಅವನಿಗೆ ಐದು ಕಾಯಿಗಳಲ್ಲ, ಒಂದು ಚಿತ್ರ. ನಾವು ಓದುವಾಗ ಅಕ್ಷರ ಅಕ್ಷರ ಕೂಡಿಸದೆ ಪದವನ್ನೇ ಹಿಡಿಯುವಂತೆ.

ಇಂಥ ಚಿತ್ರಗಳು ತಲೆಗೆ ಇಳಿಯಬೇಕಾದರೆ ಪುನರಾವರ್ತನೆ ಬೇಕು. ಅದು ಒಂದೇ ದಿನ ನೂರು ಸಲ ಅಲ್ಲ, ಮರೆಯುವ ಹೊತ್ತಿಗೆ ಮತ್ತೊಮ್ಮೆ. ಮರೆವಿನ ಲೆಕ್ಕವನ್ನು ಜರ್ಮನಿಯ ಮನೋವಿಜ್ಞಾನಿ ಎಬಿಂಗ್‌ಹೌಸ್ 1885ರಲ್ಲೇ ಹಾಕಿಟ್ಟಿದ್ದರು. ಚೆಸ್ಸಬಲ್‌ನ ಇಡೀ ಬಂಡವಾಳ ಆ ತತ್ವವೇ. ಇವತ್ತು ಸರಿಯಾಗಿ ಆಡಿದ ನಡೆ ನಾಳೆ ಬರುತ್ತದೆ, ಆಮೇಲೆ ಮೂರು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು. ತಪ್ಪಿದರೆ ಮತ್ತೆ ಮೊದಲಿನಿಂದ. ಹೊಸ ಆ್ಯಪ್‌ಗಳೆಲ್ಲ ಇದನ್ನು ಏನಾದರೂ ಒಂದು ಹೆಸರಿನಲ್ಲಿ ಎರವಲು ಪಡೆದಿವೆ. ಇದು ಕೆಲಸ ಮಾಡುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನನ್ನ ತಕರಾರು ಯಾವುದನ್ನು ಬಾಯಿಪಾಠ ಮಾಡಿಸುತ್ತಾರೆ ಎಂಬುದರ ಬಗ್ಗೆ. ಮಾರುಕಟ್ಟೆಯಲ್ಲಿ ಚೆನ್ನಾಗಿ ಮಾರಾಟವಾಗುವುದು ಓಪನಿಂಗ್ ಪಾಠ. ಆಟದ ಮೊದಲ ಹತ್ತು-ಹದಿನೈದು ನಡೆಗಳಲ್ಲೇ ಎದುರಾಳಿಯನ್ನು ಚಿತ್ ಮಾಡುವ ಗುಟ್ಟು ಎಂದು ಜಾಹೀರಾತು. ಮಗು ಹನ್ನೆರಡು ನಡೆ ಕಂಠಪಾಠ ಒಪ್ಪಿಸುತ್ತದೆ. ಹದಿಮೂರನೆಯ ನಡೆಗೆ ಎದುರಿನ ಹುಡುಗ ಪಾಠದಲ್ಲಿ ಇಲ್ಲದ್ದನ್ನು ಆಡುತ್ತಾನೆ, ಅಲ್ಲಿಗೆ ಕಣ್ಣಿಗೆ ಕತ್ತಲೆ. ಕ್ಯೂಬಾದ ಕಾಪಾಬ್ಲಾಂಕ ವಿಶ್ವ ಚಾಂಪಿಯನ್ ಆದ 1921ರಲ್ಲೇ ಹೊರತಂದ ಕಲಿಕೆಯ ಪುಸ್ತಕ ಶುರುವಾಗುವುದು ಕೊನೆಯಾಟದಿಂದ. ಮಣೆಯ ಮೇಲೆ ಬೆರಳೆಣಿಕೆಯ ಕಾಯಿಗಳಿದ್ದಾಗ ಪ್ರತಿಯೊಂದರ ಶಕ್ತಿ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಅದರ ಹಿಂದಿನ ತರ್ಕ. ಡಚ್ಚರ ಆರು ಹಂತದ ‘ಸ್ಟೆಪ್ಸ್ ಮೆಥಡ್’ 1987ರಿಂದ ಜಗತ್ತಿನ ಹಲವು ಶಾಲೆಗಳಲ್ಲಿ ಬಳಕೆಯಲ್ಲಿದೆ. ಅದರಲ್ಲೂ ಮೊದಲಿಗೆ ಓಪನಿಂಗ್ ಇಲ್ಲ. ಯಾವ ಕಾಯಿ ಕಾವಲಿಲ್ಲದೆ ನಿಂತಿದೆ ನೋಡು, ಯಾವುದಕ್ಕೆ ಏಟು ಬೀಳುತ್ತಿದೆ ನೋಡು, ಬರೀ ಇದೇ ಅಭ್ಯಾಸ.

ಇದು ಮಕ್ಕಳ ಮಟ್ಟದ ಮಾತಾಯಿತು ಎನ್ನುವವರು ಸಿಂಗಪುರದ ಹದಿನಾಲ್ಕನೇ ಆಟ ನೋಡಬೇಕು. ಗುಕೇಶ್ ಮತ್ತು ಆಗಿನ ಚಾಂಪಿಯನ್, ಚೀನಾದ ಡಿಂಗ್ ಲಿರೆನ್ ತಲಾ ಆರೂವರೆ ಅಂಕದಲ್ಲಿ ಸಮ. ಕೊನೆಯ ಆಟವೂ ಡ್ರಾ ಕಡೆಗೆ ಹೊರಟಿತ್ತು. ಇಬ್ಬರಿಗೂ ಒಂದು ಆನೆ, ಒಂದು ಒಂಟೆ, ಡಿಂಗ್ ಬಳಿ ಒಂದು ಕಾಲಾಳು, ಗುಕೇಶ್ ಬಳಿ ಎರಡು. ಡಿಂಗ್ ತಾಳ್ಮೆಯಿಂದ ಕಾದರೆ ಅರ್ಧ ಅಂಕ ಸಿಗುವ ಸ್ಥಿತಿ. ಐವತ್ತೈದನೇ ನಡೆಗೆ ಅವರು ಆನೆಯನ್ನು ಎಫ್2ಕ್ಕೆ ತಂದು ಆನೆಗಳ ವಿನಿಮಯಕ್ಕೆ ಮುಂದಾದರು. ಗುಕೇಶ್ ಕ್ಷಣ ಬೆಚ್ಚಿ, ನೀರು ಕುಡಿದು, ಆನೆ ಹೊಡೆದರು. ಮರುನಡೆಗೆ ಒಂಟೆಯನ್ನು ಡಿ5ಕ್ಕೆ ತಂದು ಎದುರು ನಿಲ್ಲಿಸಿದರು. ಡಿಂಗ್ ಅವರ ಒಂಟೆ ಎ8ರ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಒಂಟೆಗಳೂ ಹೋದ ಮೇಲೆ ಉಳಿದದ್ದು ರಾಜ ಮತ್ತು ಎರಡು ಕಾಲಾಳು, ಎದುರಿಗೆ ರಾಜ ಮತ್ತು ಒಂದು ಕಾಲಾಳು. ಇಂಥ ಕೊನೆಯಾಟವನ್ನು ಯಾವ ತಾಣದಲ್ಲಾದರೂ ಆರಂಭಿಕರ ಪಾಠಗಳ ಪಟ್ಟಿಯಲ್ಲೇ ಇಟ್ಟಿರುತ್ತಾರೆ. ವಿಶ್ವ ಪಟ್ಟ ತೀರ್ಮಾನವಾದದ್ದು ಅದರಿಂದ.

ಆ ಗುಕೇಶ್ ಕಲಿತ ರೀತಿಯೂ ಆ್ಯಪ್ ಕಾಲಕ್ಕೆ ತಿರುಗುಮುರುಗು. ಅವರ ಕೋಚ್, ಚೆನ್ನೈನ ಗ್ರ್ಯಾಂಡ್‌ಮಾಸ್ಟರ್ ವಿಷ್ಣು ಪ್ರಸನ್ನ, ಹುಡುಗನ ರೇಟಿಂಗ್ 2500ರ ಆಸುಪಾಸಿಗೆ ಬರುವವರೆಗೆ ಎಂಜಿನ್ ಮುಟ್ಟಲು ಬಿಡಲಿಲ್ಲ. ಹನ್ನೆರಡೂವರೆ ವರ್ಷಕ್ಕೆ ಗ್ರ್ಯಾಂಡ್‌ಮಾಸ್ಟರ್ ಆದ ಹುಡುಗ ಅಲ್ಲಿಯವರೆಗೆ ತನ್ನ ತಲೆಯಲ್ಲೇ ಲೆಕ್ಕ ಹಾಕಿದ. ಎಲ್ಲರೂ ಹಾಗೇ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಕಂಪ್ಯೂಟರಿನ ಜತೆಗೇ ಬೆಳೆದು ಗೆದ್ದವರೂ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಉತ್ತರ ಬೇಗ ಸಿಕ್ಕರೆ ಬೇಗ ಬೆಳೆಯುತ್ತೇವೆ ಎಂಬ ಜಾಹೀರಾತಿನ ಮಾತು ಎಲ್ಲರ ವಿಷಯದಲ್ಲೂ ನಿಜವಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಟೂರ್ನಿಗಳಲ್ಲಿ ಆರ್ಬಿಟರ್, ಅಂದರೆ ತೀರ್ಪುಗಾರರಾಗಿ ಕೆಲಸ ಮಾಡುವವರನ್ನು ಮಾತಾಡಿಸಿ ನೋಡಿ. ಪರದೆಯಲ್ಲಿ ಮಾತ್ರ ಆಡಿದ ಮಕ್ಕಳನ್ನು ದೂರದಿಂದಲೇ ಗುರುತಿಸುತ್ತಾರೆ. ಒಂದೂವರೆ ಗಂಟೆಯ ಗಡಿಯಾರ ಇಟ್ಟಿದ್ದರೆ ಇಪ್ಪತ್ತು ನಿಮಿಷದಲ್ಲಿ ಆಟ ಮುಗಿಸಿ ಎದ್ದುಬರುತ್ತಾರೆ, ಮೂರು ನಿಮಿಷದ ಬ್ಲಿಟ್ಜ್ ಅಭ್ಯಾಸ ಅದು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕೆಂಬ ನಿಯಮಕ್ಕೆ ಕಂಗಾಲಾಗುತ್ತಾರೆ. ನಡೆಗಳನ್ನು ಹಾಳೆಯಲ್ಲಿ ಬರೆದುಕೊಳ್ಳಲು ತಡವರಿಸುತ್ತಾರೆ. ಆದ್ದರಿಂದ ಆ್ಯಪ್ ಇದ್ದರೂ ಮನೆಯಲ್ಲಿ ಮರದ್ದೋ ಪ್ಲಾಸ್ಟಿಕ್ಕಿನದ್ದೋ ಒಂದು ಮಣೆ ಇರಲಿ.

ರೇಟಿಂಗ್ ವಿಷಯದಲ್ಲಿ ಇನ್ನೂ ದೊಡ್ಡ ಗೊಂದಲ. ‘ನಮ್ಮ ಹುಡುಗನದು 1600’ ಎನ್ನುತ್ತಾರೆ. ಎಲ್ಲಿಯದು? ಲಿಚೆಸ್‌ನಲ್ಲಿ ಖಾತೆ ತೆರೆದ ಕೂಡಲೇ, ಒಂದೂ ಆಟ ಆಡದವರಿಗೂ 1500 ಎಂದೇ ಲೆಕ್ಕ ಶುರು. ಅಂತರರಾಷ್ಟ್ರೀಯ ಒಕ್ಕೂಟ ಫಿಡೆ 2024ರ ಮಾರ್ಚ್‌ನಿಂದ 1400ಕ್ಕಿಂತ ಕೆಳಗೆ ರೇಟಿಂಗನ್ನೇ ಕೊಡುತ್ತಿಲ್ಲ. ಎರಡೂ ಬೇರೆ ಬೇರೆ ತಕ್ಕಡಿ. ಒಂದರ ತೂಕವನ್ನು ಇನ್ನೊಂದರಲ್ಲಿ ಹೇಳಿ ಮಗುವನ್ನು ಉಬ್ಬಿಸುವುದೂ ಬೇಡ, ಟೂರ್ನಿಯಲ್ಲಿ ಸೋತಾಗ ಬೈಯುವುದೂ ಬೇಡ.

‘ಚೆಸ್ ಕಲಿತರೆ ಐಕ್ಯೂ ಹೆಚ್ಚುತ್ತದೆ, ಗಣಿತದಲ್ಲಿ ನೂರಕ್ಕೆ ನೂರು’ ಎಂಬ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. ಇಂಗ್ಲೆಂಡಿನಲ್ಲಿ ನೂರು ಪ್ರಾಥಮಿಕ ಶಾಲೆಗಳ ಮಕ್ಕಳ ಮೇಲೆ ದೊಡ್ಡ ಅಧ್ಯಯನ ನಡೆಯಿತು. ಅರ್ಧ ಶಾಲೆಗಳಲ್ಲಿ ವರ್ಷಕ್ಕೆ ಮೂವತ್ತು ಗಂಟೆ ಚೆಸ್ ಪಾಠ, ಉಳಿದವುಗಳಲ್ಲಿ ಇಲ್ಲ. ವರ್ಷದ ನಂತರ ಗಣಿತದ ಅಂಕಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ ಎಂದು 2016ರ ವರದಿ ಹೇಳಿತು. ಚೆಸ್ ಚೆನ್ನಾಗಿದೆ, ಅದಕ್ಕೇ ಆಡಬೇಕು. ಗಣಿತ ಬೇಕಿದ್ದರೆ ಗಣಿತ ಮಾಡಬೇಕು.

ನಮ್ಮ ರಾಜ್ಯದ ಕಡೆಗೆ ತಿರುಗಿದರೆ ಆನ್‌ಲೈನ್ ಕಲಿಕೆ ಯಾರಿಗೆ ನಿಜವಾಗಿ ಬೇಕು ಎಂಬುದು ತಿಳಿಯುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೇ ಶತಮಾನದಲ್ಲೇ ಒಂದೇ ಕುದುರೆಯನ್ನು ಅರವತ್ತನಾಲ್ಕು ಮನೆಗೂ ತಲಾ ಒಮ್ಮೆ ಮಾತ್ರ ಓಡಿಸುವ ಒಗಟುಗಳನ್ನು ಹೆಣೆದವರು. ಅವರ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತನೇ ಭಾಗವಾದ ಕೌತುಕ ನಿಧಿ ಪೂರಾ ಆಟಗಳಿಗೇ ಮೀಸಲು. ಅಷ್ಟು ಹಳೆಯ ನಂಟಿದ್ದರೂ ವಿಶ್ವನಾಥನ್ ಆನಂದ್ 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೇಲೆ ಕರ್ನಾಟಕ ತನ್ನ ಮೊದಲಿಗರಿಗಾಗಿ 2017ರವರೆಗೆ ಕಾಯಬೇಕಾಯಿತು. ಅವರು ಮೈಸೂರಿನ ಎಂ.ಎಸ್. ತೇಜ್‌ಕುಮಾರ್, ದೇಶದ ಐವತ್ತನೆಯವರು. ಆಮೇಲೆ ಮೈಸೂರಿನವರೇ ಆದ ಗಿರೀಶ್ ಕೌಶಿಕ್ ಬಂದರು. 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ಹದಿನೈದನೇ ವಯಸ್ಸಿಗೆ ಆ ಪಟ್ಟ ಪಡೆದರು. ಬೆಂಗಳೂರು, ಮೈಸೂರಿನ ಮಗುವಿಗೆ ಕೋಚ್ ಸಿಗುತ್ತಾರೆ, ಭಾನುವಾರಕ್ಕೊಂದು ಟೂರ್ನಿ ಸಿಗುತ್ತದೆ. ಸಿಂಧನೂರಿನ, ಸಿದ್ದಾಪುರದ ಮಗುವಿಗೆ ಸಿಗುವುದು ಅಪ್ಪನ ಫೋನು. ಆ ಮಗುವಿನ ಪಾಲಿಗೆ ಲಕ್ಷಗಟ್ಟಲೆ ಒಗಟುಗಳನ್ನು ಪುಕ್ಕಟೆ ಕೊಡುವ ತಾಣ ಸಣ್ಣ ಸಂಗತಿಯಲ್ಲ. ಲಿಚೆಸ್‌ನಲ್ಲಿ ‘ಕಿಡ್ ಮೋಡ್’ ಇದೆ, ಅದನ್ನು ಹಾಕಿದರೆ ಅಪರಿಚಿತರು ಮಗುವಿಗೆ ಸಂದೇಶ ಕಳಿಸಲಾಗದು. ದೃಷ್ಟಿ ಇಲ್ಲದವರಿಗೆ ಸ್ಕ್ರೀನ್ ರೀಡರ್ ಜತೆ ಹೊಂದುವ ಪ್ರತ್ಯೇಕ ವ್ಯವಸ್ಥೆಯೂ ಉಂಟು. ಅಂಧರ ಚೆಸ್ಸಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಕಿಶನ್ ಗಂಗೊಳ್ಳಿ ನಮ್ಮ ಶಿವಮೊಗ್ಗದವರು ಎಂಬುದನ್ನು ಇಲ್ಲಿ ನೆನೆಯಬೇಕು.

ಇಲ್ಲದಿರುವುದು ಕನ್ನಡ. ಲಿಚೆಸ್‌ನ ಗುಂಡಿಗಳ ಹೆಸರನ್ನು ಸ್ವಯಂಸೇವಕರು ಕನ್ನಡಕ್ಕೆ ತರುವ ಕೆಲಸ ನಡೆಸಿದ್ದಾರೆ, ಅವರಿಗೆ ನಮಸ್ಕಾರ. ಆದರೆ ಗುಂಡಿ ಕನ್ನಡದಲ್ಲಿದ್ದರೆ ಪಾಠ ಕನ್ನಡದಲ್ಲಿದ್ದಂತಲ್ಲ. ಆಸ್ಕರ್ ಮೇಷ್ಟ್ರು ಮೊದಲು ಬಾಯಿಬಿಟ್ಟದ್ದು ಇಂಗ್ಲಿಷಿನಲ್ಲಿ. ದುಬಾರಿ ಕೋರ್ಸ್‌ಗಳೆಲ್ಲ ಇಂಗ್ಲಿಷ್. ಸರ್ಕಾರಿ ಶಾಲೆಯ ಆರನೇ ತರಗತಿಯ ಹುಡುಗ ತಪ್ಪು ನಡೆ ಆಡಿದಾಗ ಅವನಿಗೆ ಅರ್ಥವಾಗುವಂತೆ ಅದು ಯಾಕೆ ತಪ್ಪೆಂದು ಹೇಳುವ ತಾಣ ಇವತ್ತಿಗೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅದನ್ನು ಅಮೆರಿಕದ ಕಂಪನಿ ಮಾಡಿಕೊಡಲಿ ಎಂದು ಕಾಯುತ್ತ ಕೂರಬೇಕಿಲ್ಲ. ಲಿಚೆಸ್‌ನಲ್ಲಿ ‘ಸ್ಟಡಿ’ ಎಂಬ ವಿಭಾಗವಿದೆ. ಖಾತೆ ಇರುವ ಯಾರೇ ಆಗಲಿ ಅಲ್ಲಿ ಅಧ್ಯಾಯ ಅಧ್ಯಾಯವಾಗಿ ಪಾಠ ಕಟ್ಟಬಹುದು. ಮಣೆಯ ಸ್ಥಿತಿಯನ್ನು ಇಟ್ಟು, ವಿದ್ಯಾರ್ಥಿಯೇ ನಡೆ ಹುಡುಕುವಂತೆ ಮಾಡಿ, ಇಂಥ ತಪ್ಪು ನಡೆಗೆ ಇಂಥ ಮಾತು ಎಂದು ಮೊದಲೇ ಬರೆದಿಡಬಹುದು. ಆ ಮಾತು ಯಾವ ಭಾಷೆಯಲ್ಲಿದ್ದರೂ ಸರಿ. ಅದಕ್ಕೆ ಪ್ರೋಗ್ರಾಮಿಂಗ್ ಬೇಡ, ಬಿಡಿಗಾಸೂ ಬೇಡ. ಜಿಲ್ಲಾ ಚೆಸ್ ಸಂಸ್ಥೆಗಳು, ಆಟ ಬಲ್ಲ ಶಾಲಾ ಶಿಕ್ಷಕರು, ವಿದೇಶದಲ್ಲಿ ಕೂತು ವಾರಾಂತ್ಯಕ್ಕೆ ಬ್ಲಿಟ್ಜ್ ಆಡುವ ಕನ್ನಡಿಗರು ತಲಾ ಹತ್ತು ಪಾಠ ಕಟ್ಟಿದರೂ ಬೇಸಿಗೆ ರಜೆಯ ಹೊತ್ತಿಗೆ ಆರಂಭಿಕರಿಗೆ ಬೇಕಾದ ಒಂದು ಪೂರ್ತಿ ಕನ್ನಡ ಪಾಠಮಾಲೆ ಸಿದ್ಧವಾಗುತ್ತದೆ. ಆಟ ಬಲ್ಲವರು ದಯವಿಟ್ಟು ಈ ವಾರವೇ ಒಂದು ಅಧ್ಯಾಯ ಬರೆದು ಹಾಕಿ, ಅದರ ಕೊಂಡಿಯನ್ನು ನಿಮ್ಮೂರಿನ ಶಾಲೆಗೆ ಕಳಿಸಿ.